ಸೂಜಿಗೆ ಅಂಜಿದ ವಿಜ್ಞಾನ ಮಾಸ್ತರ

ಹಾವು ಎದುರಾದರೆ ನಿಲ್ಲುವ ಧೈರ್ಯ ನನಗಿದೆಯೋ ಇಲ್ಲವೋ, ಪರೀಕ್ಷಿಸಿ ನೋಡಿಲ್ಲ. ಆದರೆ ಸೂಜಿ ಕಂಡರೆ ಜೀವ ಬಾಯಿಗೆ ಬರುತ್ತದೆ ಎಂಬುದನ್ನು ಐವತ್ತೊಂದು ವರ್ಷ ಗುಟ್ಟಾಗಿಟ್ಟಿದ್ದೆ. ನಾನು ಕುಷ್ಟಗಿಯಲ್ಲಿ ವಿಜ್ಞಾನ ಮಾಸ್ತರ ಬೇರೆ. ಕೊರೊನಾ ಲಸಿಕೆ ಬಂದಾಗ ಆಟೊಕ್ಕೆ ಮೈಕು ಕಟ್ಟಿ ಊರೆಲ್ಲ ಕೇಳಿಸಿದ್ದು ರೆಕಾರ್ಡ್ ಮಾಡಿದ ನನ್ನದೇ ಧ್ವನಿ: "ಅಂಜಬ್ಯಾಡ್ರಿ, ಎರಡೂ ಡೋಸ್ ತಗೊಳ್ರಿ!" ಉಬ್ಬಸದ ನಮ್ಮವ್ವ ಅದನ್ನು ಕೇಳಿ, "ನನ್ನ ಮಗ ಮೈಕಿನಾಗ ಸುಳ್ಳ ಹೇಳಂಗಿಲ್ಲ" ಎಂದು ಎರಡೂ ಸಲ ಎಲ್ಲರಿಗಿಂತ ಮುಂದೆ ಹೋಗಿ ನಿಂತಳು. ಅವಳ ಹಿಂದೆ ಓಣಿಯೇ ನಿಂತಿತು. ಮೊದಲ ಡೋಸಿಗೇ ಕಣ್ಣೀರು ಹಾಕಿ ಬಂದಿದ್ದ ನಾನು, ಎರಡನೆಯದಕ್ಕೆ ಆಶಾ ಕಾರ್ಯಕರ್ತೆ ರಜಿಯಾ ಬಾಗಿಲು ಬಡಿದಾಗ ಜೋಳದ ಚೀಲಗಳ ಹಿಂದೆ ಅಡಗಿ ಕುಳಿತಿದ್ದೆ. ಅದೇ ಹೊತ್ತಿಗೆ ಬೀದಿಯಲ್ಲಿ ಆಟೊ ಹಾದುಹೋಯಿತು, ನನಗೇ ಧೈರ್ಯ ಹೇಳುತ್ತ.

ಮುಂದೆ ವೈರಾಣುವಿನ ಹೊಸ ತಳಿ ಬಂತು. ಅದರ ಓಟವೋ! ಸೋಮವಾರ ನಮ್ಮ ಶಾಲೆಯಲ್ಲಿ ಒಬ್ಬರು ಸೀನಿದರು, ಮುಂದಿನ ವಾರದೊಳಗೆ ಓಣಿಗೆ ಓಣಿಯೇ ಕೆಮ್ಮುತ್ತಿತ್ತು. ಮನೆಗೆ ತಂದವನು ನಾನೇ. ಅವ್ವನಿಗೂ ಜ್ವರ ಬಂತು. ಹಿಂದಿನ ಅಲೆಯಲ್ಲಿ ಇದೇ ಓಣಿಯಿಂದ ಆಂಬುಲೆನ್ಸ್ ಹತ್ತಿದ ಇಬ್ಬರು ತಿರುಗಿ ಬಂದಿರಲಿಲ್ಲ. ಅವ್ವನ ಜೀವಕ್ಕೆ ನಾನೇ ಮುಳುವಾದೆನಲ್ಲ ಎಂದು ಗೋಡೆಗೆ ಮುಖ ಮಾಡಿ ಅತ್ತೆ. ರಜಿಯಾ ದಿನಾ ಬಂದು ಅವ್ವನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, "ಛಲೋ ಐತ್ರಿ ಸರ್" ಎನ್ನುವಳು. ನಾನು ನಂಬದೆ ಇನ್ನೊಮ್ಮೆ ಹಾಕಿಸುವೆ.

ನಾಲ್ಕನೆಯ ದಿನ ಅಡುಗೆಮನೆಯಿಂದ ಪಟಪಟ ಸದ್ದು. ಅವ್ವ ರೊಟ್ಟಿ ಬಡಿಯುತ್ತಿದ್ದಳು! ಕಿಟಕಿಯಿಂದ ನೋಡಿದೆ: ರೋಗ ಮನೆಮನೆಗೂ ಹೊಕ್ಕಿತ್ತು, ಆದರೆ ಈ ಸಲ ಆಂಬುಲೆನ್ಸ್ ನಮ್ಮ ಓಣಿಗೆ ಬರಲೇ ಇಲ್ಲ. ಲಸಿಕೆ ವೈರಾಣುವನ್ನು ಬಾಗಿಲಲ್ಲಿ ತಡೆದಿರಲಿಲ್ಲ, ಒಳಗೆ ಬಂದದ್ದರ ಹಲ್ಲು ಕಿತ್ತಿತ್ತು. ಅರ್ಧ ಚಮಚವೂ ಇಲ್ಲದ ಔಷಧ ಇಷ್ಟು ಜನರ ಮೈಗೆ ಶತ್ರುವಿನ ಗುರುತು ಹೇಳಿಕೊಟ್ಟಿತ್ತಲ್ಲ! ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದದ್ದು ಅಂದು ಮೊದಲ ಸಲ ಮೈ ಜುಮ್ಮೆನ್ನುವಂತೆ ಅರ್ಥವಾಯಿತು. ಅದನ್ನು ಅರ್ಥ ಮಾಡಿಕೊಂಡದ್ದು ಮಾತ್ರ ಹಾಸಿಗೆಯಲ್ಲಿ ಮಲಗಿ. ಹನ್ನೆರಡು ದಿನ, ಎರಡೂ ಡೋಸಿನ ಅವ್ವನೇ ಒಂದೇ ಡೋಸಿನ ನನಗೆ ಗಂಜಿ ಕುಡಿಸಿದಳು.

ಮೂರು ತಿಂಗಳು ಕಳೆದ ಮೇಲೆ, ಉಳಿದಿದ್ದ ಎರಡನೆಯ ಡೋಸಿಗೆ ನಾನಾಗಿಯೇ ಆಸ್ಪತ್ರೆಗೆ ಹೊರಟೆ. ಬೇಡವೆಂದರೂ ಅವ್ವ ಜೊತೆಗೆ ಬಂದಳು. ನಮ್ಮ ಸರದಿ ಬಂದಾಗ ನರ್ಸಮ್ಮನ ಕಿವಿಯ ಹತ್ತಿರ ಬಗ್ಗಿ, "ನಮ್ಮ ಹುಡುಗ ಸ್ವಲ್ಪ ಅಂಜತಾನವ್ವ, ಸಾವಕಾಶ ಚುಚ್ಚು" ಎಂದಳು.

"ಹುಡುಗ ಎಲ್ಲಿ ಅದಾನಬೇ?" ಎಂದು ನರ್ಸಮ್ಮ ನನ್ನ ಬೆನ್ನ ಹಿಂದೆ ಇಣುಕಿ ನೋಡಿದಳು.

ನಾನು ಅಂಗಿಯ ತೋಳು ಮೇಲೇರಿಸಿ, "ನಾನೇರಿ" ಎಂದೆ.