ತೇವಾಂಶ ಕಳೆದು ಗೆದ್ದ ಪಂದ್ಯ

ಸೋನಾ ಫುಟ್‌ಬಾಲ್ ಕ್ಲಬ್ಬಿನ ಮಾಲೀಕರಾದ ಶ್ರೀ ಗೌರೀಶ ಸಾಹುಕಾರರು ಶ್ರೀರಾಮನಗರದ ರೈಸ್‌ಮಿಲ್ಲಿನಿಂದ ಫುಟ್‌ಬಾಲಿಗೆ ಬಂದದ್ದು ಶುದ್ಧ ಕ್ರೀಡಾಪ್ರೇಮದಿಂದ ಎಂದು ಕ್ಲಬ್ಬಿನ ಗುಮಾಸ್ತನಾದ ನಾನು ಈ ಮೂಲಕ ದೃಢೀಕರಿಸುತ್ತೇನೆ. ಕ್ರೀಡೆಗೆಂದು ಸರ್ಕಾರ ಕೊಟ್ಟ ಹತ್ತು ಎಕರೆ ಮೈದಾನದಲ್ಲಿ ಪಂದ್ಯವಿಲ್ಲದ ದಿನವೆಲ್ಲ ಮಿಲ್ಲಿನ ಭತ್ತ ಒಣಗುತ್ತದೆ. ಅದು ಕೇವಲ ಕಾಕತಾಳೀಯ.

ಕರಾರಿನ ಒಂದು ಷರತ್ತು ಮಾತ್ರ ಸಾಹುಕಾರರ ನಿದ್ದೆ ಕೆಡಿಸಿತ್ತು: ‘ಪ್ರತಿ ವರ್ಷ ಕ್ಲಬ್ಬು ಕನಿಷ್ಠ ಒಂದು ಪಂದ್ಯ ಗೆಲ್ಲತಕ್ಕದ್ದು. ತಪ್ಪಿದಲ್ಲಿ ಜಮೀನು ವಾಪಸು.’ ಈ ಸಲ ಹನ್ನೊಂದು ಪಂದ್ಯ ಸೋತಾಗಿತ್ತು, ಉಳಿದದ್ದು ಒಂದೇ. ಕೊನೆಗೆ ಮಿಲ್ಲಿನ ಹಮಾಲ ಜಿಲಾನಸಾಬರನ್ನು ಗೋಲ್‌ಕೀಪರ್ ಮಾಡಲಾಯಿತು. ಲಾರಿಯಿಂದ ಬಂದ ಚೀಲವನ್ನು ಅವರು ಒಮ್ಮೆಯೂ ನೆಲಕ್ಕೆ ಬಿಟ್ಟವರಲ್ಲ.

“ಇಪ್ಪತ್ತು ವರ್ಷ ತುಂಬಿದ್ರ ಖಾಯಂ ಮಾಡ್ತೀನಿ ಅಂದಿದ್ರಿ, ಸಾವ್ಕಾರ್ರ. ಮೊನ್ನಿ ತುಂಬ್ಯಾವ್ರಿ,” ಎಂದರು ಜಿಲಾನಸಾಬ.

“ಗೆಲ್ಲಿಸು ಜಿಲಾನಿ. ಮರುದಿನಾನ ಖಾಯಂ.”

ಎದುರಾಳಿ ಕುಷ್ಟಗಿ ತಂಡ. ಜಿಲಾನಸಾಬ ಬಂದ ಚೆಂಡನ್ನೆಲ್ಲ ಹಿಡಿದು, ರೂಢಿಯಂತೆ ಹೆಗಲಿಗೇರಿಸಿ, ಪೇರಿಸಿಡಲು ಜಾಗ ಹುಡುಕಿದರು. ನಾವು ಎರಡು, ಅವರು ಒಂದು. ಅಷ್ಟರಲ್ಲಿ ಚೆಂಡು ಪಕ್ಕದ ಕಾಲುವೆಗೆ ಬಿತ್ತು. ಎತ್ತಿ ತಂದರೆ, ನೀರು ಸೋರುವ ಅದೇ ಚೆಂಡು ಜಿಲಾನಸಾಬರ ಕೈಯಿಂದ ಜಾರಿ ಗೋಲಾಯಿತು. ಎರಡು ಎರಡು, ಸಮ.

ಸಾಹುಕಾರರು ಮೈದಾನಕ್ಕಿಳಿದರು. “ಅದು ಹಸಿ ಮಾಲ್ರಿ. ತೇವಾಂಶ ಕಳೀರಿ.”

“ಫುಟ್‌ಬಾಲಿನ್ಯಾಗ ಅಂಥಾ ರೂಲ್ ಇಲ್ರಿ,” ಎಂದರು ರೆಫರಿ ಸುನಿತಾ ಮೇಡಂ.

“ರೈತರ ಭತ್ತಕ್ಕ ಐತಲ್ರಿ? ರೈತ್ರಿಗೊಂದು ನ್ಯಾಯ, ಕುಷ್ಟಗಿಯವ್ರಿಗೊಂದು ನ್ಯಾಯ ಏನ್ರಿ?”

ರೈತರ ಹೆಸರು ಬಂದ ಕೂಡಲೇ ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಭತ್ತದ ತೇವ ನೋಡುವ ಮೀಟರಿನ ಮುಳ್ಳನ್ನು ಚೆಂಡಿಗೆ ಚುಚ್ಚಲಾಯಿತು. ಇಪ್ಪತ್ನಾಲ್ಕು ಪರ್ಸೆಂಟ್! ಭತ್ತದ ಲೆಕ್ಕದಲ್ಲಿ ಹದಿನೇಳರವರೆಗೆ ಮಾಫಿ, ಮೇಲಿನದ್ದು ತೂಕದಲ್ಲಿ ಕಡಿತ. ಚೆಂಡಿನ ಗಾಳಿ ಹೋಯಿತು, ಬೇರೆ ಚೆಂಡಿರಲಿಲ್ಲವಾದ್ದರಿಂದ ಆಟವೂ ಮುಗಿಯಿತು.

ಕುಷ್ಟಗಿ ತಂಡದ ಮಾಲೀಕ ಕನಕರಾಜ ಮೆಕ್ಕೆಜೋಳದ ವ್ಯಾಪಾರಿ. ಹಾವಿನ ಹೆಜ್ಜೆ ಹಾವೇ ಬಲ್ಲದು. “ಏಳು ಪರ್ಸೆಂಟ್ ಕಡಿತ ಭಾಳ ಆತ್ರಿ, ಐದು ಹಿಡೀರಿ,” ಎಂದ. ಐದಕ್ಕೆ ಒಪ್ಪಂದವಾಯಿತು. ಕುಷ್ಟಗಿ ಒಂದು ಪೂರ್ತಿ ಗೋಲು, ಒಂದು ತೊಂಬತ್ತೈದು ಪೈಸೆ ಗೋಲು. ನಮಗೆ ಐದು ಪೈಸೆಯ ಭರ್ಜರಿ ಜಯ. ಎರಡು ಪರ್ಸೆಂಟ್ ಉಳಿಸಿದ ಖುಷಿಯಲ್ಲಿ ಕನಕರಾಜ ಪೇಢೆ ಹಂಚಿ ಹೋದ. ಮಾಲೀಕರಿಬ್ಬರೂ ಒಪ್ಪಿದ್ದರಿಂದ ಸುನಿತಾ ಮೇಡಂ ಮುಕ್ತಾಯದ ಸೀಟಿ ಊದಿದರು. ಅದೇ ವಾರ ಸಾಹುಕಾರರು ಲೀಗಿನ ಅಧ್ಯಕ್ಷರಾಗಿ ಅವಿರೋಧವಾಗಿ ಆಯ್ಕೆಯಾದರು.

ಜಿಲಾನಸಾಬರು ಮಾತ್ರ ಪಂದ್ಯದ ಮರುದಿನವೇ ಖಾಯಂ ಆಗಲು ಬಂದಿದ್ದರು. ಬಂದವರಿಂದ ಮೊದಲು ಒಂದು ಲಾರಿ ಖಾಲಿ ಮಾಡಿಸಿ, ಆಮೇಲೆ ಸಾಹುಕಾರರು ಅವರ ಕಂಕುಳಲ್ಲಿ ಮೀಟರ್ ಇಟ್ಟರು. ಇಪ್ಪತ್ತೇಳು.

“ಹತ್ತು ಪರ್ಸೆಂಟ್ ಹೆಚ್ಚಿಗಿ ಐತಿ ಜಿಲಾನಿ. ನಿನ್ನ ಇಪ್ಪತ್ತು ವರ್ಷದಾಗ ಎರಡು ವರ್ಷ ಬರೇ ಬೆವರು. ಹದಿನೆಂಟ ಆದುವು.”

ಹಿಂದಿನ ದಿನ ಇದೇ ನಿಯಮಕ್ಕೆ ಚಪ್ಪಾಳೆ ತಟ್ಟಿದ ಕೈಯಿಂದಲೇ ನಾನು ಹಾಜರಿ ಪುಸ್ತಕದ ಇಪ್ಪತ್ತನ್ನು ಹದಿನೆಂಟೆಂದು ತಿದ್ದಿದೆ.

“ಒಣಗಿ ಬಂದ್ರ ಖಾಯಂ ಮಾಡ್ತೀರೇನ್ರಿ?” ಎಂದರು ಜಿಲಾನಸಾಬ.

“ಯಾಕ ಮಾಡಂಗಿಲ್ಲ? ನಿಯಮ ಅಂದ್ರ ನಿಯಮ.”

ಅಂದಿನಿಂದ ಜಿಲಾನಸಾಬರು ಗೋಲಿನ ಕಂಬಗಳ ನಡುವೆ, ಭತ್ತದ ಪಕ್ಕದಲ್ಲೇ ಮಲಗಿ ಒಣಗುತ್ತಿದ್ದಾರೆ. ಭತ್ತ ತಿರುವುವ ದುರಗಮ್ಮ ಗಂಟೆಗೊಮ್ಮೆ, “ಕಾಕಾ, ಮಗ್ಗಲ ಬದ್ಲಿಸ್ರಿ,” ಎನ್ನುತ್ತಾಳೆ. ಬದಲಿಸುತ್ತಾರೆ. ಸಂಜೆ ನಾನು ಮೀಟರ್ ಹಿಡಿಯುತ್ತೇನೆ. ನಿನ್ನೆ ಹದಿನೇಳಕ್ಕೆ ಇಳಿದಿತ್ತು. ಆ ಸಂತೋಷಕ್ಕೆ ಅವರ ಕಣ್ಣಲ್ಲಿ ನೀರು ಬಂತು. ಮತ್ತೊಮ್ಮೆ ನೋಡಿದರೆ ಹತ್ತೊಂಬತ್ತು. ಅದನ್ನೇ ಬರೆದುಕೊಂಡೆ.