ನೊಣವಿಲ್ಲದ ಶಾಲೆಗೆ ಬಂದ ನೊಣಹಿಡುಕ

ಸುಳ್ಳು ಹೇಳುವುದಕ್ಕಿಂತ ಸುಳ್ಳು ಬರೆಯುವುದು ಸುಲಭ ಎಂದು ನನಗೆ ಗೊತ್ತಾದದ್ದು ಮೇಷ್ಟರ ಕೆಲಸಕ್ಕೆ ಸೇರಿದ ಮೇಲೆ. ಹೇಳುವಾಗ ಎದುರಿಗಿರುವವರ ಮುಖ ನೋಡಬೇಕು. ಬರೆಯುವಾಗ ಹಿಂದಿನ ತಿಂಗಳ ಪುಟ ನೋಡಿದರೆ ಸಾಕು. ಗುಬ್ಬಿಯಿಂದ ಕಡಬದ ಕಡೆ ಹೋಗುವ ದಾರಿಯಲ್ಲಿ, ಹೆಸರು ಹೇಳಿದರೆ ನನಗೇ ತೊಂದರೆಯಾಗುವಂಥ ಒಂದು ಊರಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಮನೆ ತುಮಕೂರಿನಲ್ಲಿ. ದಿನಾ ಎರಡು ಬಸ್ಸು ಹತ್ತಿ ಇಳಿದು ಶಾಲೆ ಮುಟ್ಟುವ ಹೊತ್ತಿಗೆ ಅರ್ಧ ಜೀವ ಹೋಗಿರುತ್ತದೆ. ಉಳಿದರ್ಧವನ್ನು ಇನ್‌ಚಾರ್ಜುಗಳು ತಿನ್ನುತ್ತವೆ. ನಮ್ಮ ಹೆಡ್‌ಮೇಷ್ಟರಿಗೆ ‘ಆಗಲ್ಲ’ ಎನ್ನಲು ಬಾರದವರನ್ನು ಕಂಡರೆ ಬಹಳ ಪ್ರೀತಿ. ಹಾಗಾಗಿ ಇಕೋ ಕ್ಲಬ್ಬೂ ನನ್ನದು, ಬಿಸಿಯೂಟದ ಕೋಣೆಯ ಸ್ವಚ್ಛತೆಯೂ ನನ್ನದು. ಒಂದಕ್ಕೆ ಹಸಿರು ರಟ್ಟಿನ ರಿಜಿಸ್ಟರು, ಇನ್ನೊಂದಕ್ಕೆ ಕೆಂಪು ರಟ್ಟಿನದು. ಕೆಂಪು ರಿಜಿಸ್ಟರಿನಲ್ಲಿ ‘ನೊಣಗಳ ಹಾವಳಿ’ ಎಂದೊಂದು ಕಾಲಂ ಇದೆ. ಈಗ ಕುಣಿಗಲ್ಲಿಗೆ ವರ್ಗವಾಗಿ ಹೋಗಿರುವ ಹಿಂದಿನ ಮೇಷ್ಟ್ರು ಅಲ್ಲಿ ‘ಇಲ್ಲ’ ಎಂದು ಬರೆದಿದ್ದರು. ಹಿರಿಯರು ಹಾಕಿಕೊಟ್ಟ ದಾರಿ, ನಾನೂ ತಿಂಗಳು ತಿಂಗಳು ‘ಇಲ್ಲ’ ಎಂದೇ ಬರೆದುಕೊಂಡು ಬಂದೆ.

ನೊಣಗಳಿದ್ದವು. ಸಂತೆಗೆ ಸೇರಿದ ಹಾಗೆ ಇದ್ದವು. ಅಡುಗೆ ಕೋಣೆಯ ಹಿಂದೆ ಮುಸುರೆ ನೀರು ಹೋಗಿ ನಿಲ್ಲುವ ಗುಂಡಿ, ಅದರ ಪಕ್ಕದಲ್ಲೊಂದು ಹೊಂಗೆ ಮರ. ಅಡುಗೆಯ ಲಕ್ಕಮ್ಮ ಒಂದು ಕೈಯಲ್ಲಿ ಸೌಟು ಆಡಿಸುತ್ತಾ ಇನ್ನೊಂದು ಕೈಯಲ್ಲಿ ಸೆರಗು ಬೀಸುತ್ತಾ ಇನ್ನೂರು ಮಕ್ಕಳಿಗೆ ಸಾರು ಕುದಿಸುತ್ತಿದ್ದರು. ಸ್ಟಾಫ್ ರೂಮಿನಲ್ಲಿ ವರ್ಗಾವಣೆಯದೇ ಮಾತು ಕೇಳಿ ಕೇಳಿ ಬೇಸತ್ತು ನಾನು ಮಧ್ಯಾಹ್ನ ಡಬ್ಬಿ ಹಿಡಿದು ಆ ಹೊಂಗೆಯ ನೆರಳಿಗೆ ಬಂದು ಕೂರುತ್ತಿದ್ದೆ. ನೊಣಗಳಿಗೆ ವರ್ಗಾವಣೆಯ ಚಿಂತೆಯಿಲ್ಲ, ಅಷ್ಟು ಸಾಕಾಗಿತ್ತು.

ಅಲ್ಲಿಗೇ ಈ ಸಲ ಚಳಿ ಶುರುವಾದಾಗ ಒಂದು ಹಕ್ಕಿ ಬಂತು. ಗುಬ್ಬಚ್ಚಿಗಿಂತ ಚಿಕ್ಕದು. ತಲೆ, ಕತ್ತು ಎಲ್ಲ ಬೂದಿ ಬಣ್ಣ. ಹೊಟ್ಟೆ ಮಾತ್ರ ಈಗಷ್ಟೇ ಅರಿಶಿನ ಹಚ್ಚಿದ ಹಾಗೆ ಹಳದಿ. ತಗ್ಗಿನ ಕೊಂಬೆಯ ಮೇಲೆ ನೆಟ್ಟಗೆ ಕೂರುತ್ತಿತ್ತು, ಇನ್‌ಸ್ಪೆಕ್ಷನ್ನಿಗೆ ಕಾದ ಮೇಷ್ಟರ ಹಾಗೆ. ಇದ್ದಕ್ಕಿದ್ದಂತೆ ಗಾಳಿಗೆ ಹಾರಿ, ಒಂದು ಸುತ್ತು ತಿರುಗಿ, ಕೊಕ್ಕಿನಲ್ಲಿ ಚಟಕ್ಕೆಂದು ನೊಣ ಹಿಡಿದು, ಮತ್ತೆ ಅದೇ ಕೊಂಬೆಗೆ ಬಂದು ಕೂರುತ್ತಿತ್ತು. ಶಾಲೆಯ ಲೈಬ್ರರಿಯಲ್ಲಿ ಯಾರೂ ತೆರೆಯದ ಹಕ್ಕಿಗಳ ಪುಸ್ತಕ ತೆಗೆದು ನೋಡಿದೆ. ನೊಣಹಿಡುಕಗಳ ಪೈಕಿ ಬೂದು ತಲೆಯ ಹಳದಿ ಜಾತಿ. ಬೆಟ್ಟದ ಕಾಡುಗಳಲ್ಲಿ, ಪಾಚಿ ಹಿಡಿದ ಮರಕ್ಕೆ ಜೇಡರ ಬಲೆಯಿಂದ ಬಟ್ಟಲಿನಂಥ ಗೂಡು ಅಂಟಿಸಿಕೊಂಡು ಸಂಸಾರ ಮಾಡುತ್ತದಂತೆ. ಚಳಿಗೆ ಕೆಳಗಿಳಿದು ಬಂದು, ಮಾರ್ಚಿನಲ್ಲಿ ಬಿಸಿಲೇರುವ ಹೊತ್ತಿಗೆ ವಾಪಸು ಹೋಗುತ್ತದಂತೆ. ಅಷ್ಟು ದೂರದ ಮರ್ಯಾದಸ್ಥ ಹಕ್ಕಿ ನಮ್ಮ ಮುಸುರೆ ಗುಂಡಿಯನ್ನು ಹುಡುಕಿಕೊಂಡು ಬಂದದ್ದಕ್ಕೆ ನನಗೆ ಸಂಕೋಚವೂ ಆಯಿತು, ಸಂತೋಷವೂ ಆಯಿತು. ಮನೆಯಲ್ಲಿ ಹೆಂಡತಿಗೆ ಹೇಳಿದೆ. “ಹಳದಿ ಅಂದ್ರೆ ನಿಮ್ಮ ಬಿಳಿ ಶರ್ಟಿನ ಕಾಲರ್ ಥರಾನಾ?” ಎಂದಳು. ಬೇರೆ ಯಾರಿಗೂ ಹೇಳುವುದು ಬೇಡವೆಂದು ಹಸಿರು ರಿಜಿಸ್ಟರಿಗೆ ಹೇಳಿದೆ. ವರ್ಷಗಳ ಮೇಲೆ ಕಣ್ಣಾರೆ ಕಂಡದ್ದನ್ನು ಬರೆಯುತ್ತಿದ್ದೆನಲ್ಲ, ಮೈಮರೆತೆ. ‘ದಿನವೂ ಅಡುಗೆ ಕೋಣೆಯ ಹಿಂದೆ ಕಾಣಸಿಗುತ್ತದೆ. ಆಹಾರ: ನೊಣ. ಹೇರಳವಾಗಿ ಲಭ್ಯ’ ಎಂದು ದುಂಡಗೆ ಬರೆದೆ.

ಜನವರಿಯಲ್ಲಿ ಶಿಕ್ಷಣ ಇಲಾಖೆಯ ಸಾಹೇಬರು ವಿಸಿಟ್ಟಿಗೆ ಬಂದರು. ಸಾಮಾನ್ಯವಾಗಿ ಇಂಥ ಸಾಹೇಬರೆಲ್ಲ ಎಳನೀರು ಕುಡಿದು, ಮೇಲಿನ ರಿಜಿಸ್ಟರಿಗೆ ಸಹಿ ಹಾಕಿ ಹೊರಡುತ್ತಾರೆ. ಇವರು ಓದುವ ಸಾಹೇಬರು. ಹೆಡ್‌ಮೇಷ್ಟರ ಮೇಜಿನ ಮೇಲೆ ಕೆಂಪನ್ನೂ ಹಸಿರನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟುಕೊಂಡು ನನ್ನನ್ನು ಕರೆಸಿದರು.

“ಏನ್ರೀ ಮೇಷ್ಟ್ರೇ, ಇಲ್ಲಿ ನೊಣ ಇಲ್ಲ ಅಂತೀರ. ಇಲ್ಲಿ ನೋಡಿದ್ರೆ ನೊಣ ತಿನ್ನೋ ಹಕ್ಕಿ ದಿನಾ ಬರುತ್ತೆ, ಹೇರಳ ಅಂತೀರ. ಎರಡೂ ನಿಮ್ಮದೇ ಅಕ್ಷರ. ಯಾವುದ್ರೀ ನಿಜ?”

ಹೆಡ್‌ಮೇಷ್ಟ್ರು ಕಿಟಕಿಯಾಚೆಯ ತೆಂಗಿನ ಮರ ನೋಡತೊಡಗಿದರು. ಸಾಹೇಬರು ಮುಂದುವರಿಸಿದರು. “ನೊಣ ಇರೋದು ನಿಜ ಆದ್ರೆ ಇವತ್ತೇ ಅಡುಗೆಯವರನ್ನ ಬದಲಾಯಿಸಿ ಅಂತ ಬರೀತೀನಿ. ಮಕ್ಕಳ ಊಟದ ವಿಷಯ ಇದು.”

ಲಕ್ಕಮ್ಮನ ಮನೆ ನಡೆಯುವುದೇ ಆ ಸೌಟಿನಿಂದ. ಹಕ್ಕಿಗೆ ನಮ್ಮ ರಿಜಿಸ್ಟರಿನಿಂದ ಆಗಬೇಕಾದ್ದೇನೂ ಇಲ್ಲ. “ಹಕ್ಕಿ ಸುಳ್ಳು ಸಾರ್” ಎಂದೆ. “ಪುಸ್ತಕ ನೋಡಿ ಬರೆದ್ಬಿಟ್ಟೆ.”

ಸಾಹೇಬರು ಅಷ್ಟಕ್ಕೇ ಬಿಡದೆ ಹಿಂದುಗಡೆಗೇ ಹೊರಟರು. ಜೀಪಿನ ಸದ್ದು ಕೇಳಿದ ಕೂಡಲೇ ಲಕ್ಕಮ್ಮ ತೆಂಗಿನ ಸಿಪ್ಪೆಗೆ ಬೆಂಕಿ ಹಾಕಿ, ಇಡೀ ಹಿತ್ತಲು ಹೊಗೆ ಮಾಡಿದ್ದರು. ನೊಣಗಳು ಜಾಗ ಖಾಲಿ ಮಾಡಿದ್ದವು. ಆದರೆ ಹೊಗೆಯಾಚೆ, ತನ್ನ ಕೊಂಬೆಯ ಮೇಲೆ ಅದು ಕೂತೇ ಇತ್ತು, ಎದೆಯುಬ್ಬಿಸಿಕೊಂಡು.

“ಅದ್ಯಾವುದ್ರೀ, ಹಳದಿ?”

“ಯಾವುದೋ ಪಕ್ಷಿ ಸಾರ್” ಎಂದೆ. ಅವರು ಹಸಿರು ರಿಜಿಸ್ಟರು ತರಿಸಿ, ಅಲ್ಲೇ ನಿಂತು ನನ್ನ ಕೈಯಿಂದಲೇ ಆ ಸಾಲಿಗೆ ಕೆಂಪು ಗೆರೆ ಎಳೆಸಿ, ‘ತಪ್ಪಾಗಿ ನಮೂದಾಗಿದೆ’ ಎಂದು ಸಹಿ ಮಾಡಿಸಿದರು. ನಾನು ಬರೆದ ಒಂದೇ ಒಂದು ನಿಜ, ಆ ಹಕ್ಕಿ ಮೇಲಿನಿಂದ ನೋಡುತ್ತಿರುವಾಗಲೇ ಹೋಯಿತು. ದುಃಖವಾಯಿತು. ಆದರೂ ಒಬ್ಬ ಬಡ ಹೆಂಗಸಿನ ಅನ್ನ ಉಳಿಸಿದೆನೆಂಬ ಹೆಮ್ಮೆ ಒಳಗೊಳಗೇ ಏಳುತ್ತಿತ್ತು.

ಜೀಪು ಹೋದ ಮೇಲೆ ಲಕ್ಕಮ್ಮನಿಗೆ ಆದದ್ದನ್ನೆಲ್ಲ ಹೇಳಿದೆ. ಕೈ ಮುಗಿಯುತ್ತಾರೆಂದುಕೊಂಡಿದ್ದೆ. ಅವರು ಹೊಗೆಗೆ ಕಣ್ಣೊರೆಸಿಕೊಳ್ಳುತ್ತಾ, “ಅಲ್ಲ ಮೇಷ್ಟ್ರೇ, ಆ ಗುಂಡಿಗೊಂದು ಚಪ್ಪಡಿ ಎಳ್ಸಿ ಅಂತ ಚಳಿ ಸುರುವಾದಾಗ್ಲಿಂದ ಬಡ್ಕೊತಾ ಇವ್ನಿ. ಎಳ್ಸಿದ್ರೆ ನೊಣಾನೂ ಇರ್ತಿರ್ಲಿಲ್ಲ, ನೀವು ಸುಳ್ಳೂ ಹೇಳ್ಬೇಕಿರ್ಲಿಲ್ಲ” ಎಂದರು.

ಈ ಮಾತನ್ನು ನಿಮಗೂ ಹೇಳದೆ ಬಿಟ್ಟಿದ್ದೆ. ಅವರು ಕೇಳಿದ್ದು ನಿಜ. ಚಪ್ಪಡಿ ಶಾಲೆಯ ಹಿಂದೆಯೇ ಬಿದ್ದಿದೆ, ನಾಲ್ಕು ಜನ ಹಿಡಿದರೆ ಸಾಕು. ಕೇಳಿದಾಗಲೆಲ್ಲ “ಮೇಲಿಂದ ಆರ್ಡರ್ ಬರ್ಲಿ” ಎನ್ನುತ್ತಿದ್ದೆ. ಗುಂಡಿ ಮುಚ್ಚಿದರೆ ನೊಣ ಹೋಗುತ್ತದೆ, ನೊಣ ಹೋದರೆ ಹಕ್ಕಿಯೂ ಹೋಗುತ್ತದೆ ಎಂಬ ಲೆಕ್ಕ ನನ್ನದು. ನನ್ನ ಅರ್ಧ ಗಂಟೆಯ ನೆಮ್ಮದಿಗೆ ಅವರ ತೋಳು ದುಡಿಯುತ್ತಿತ್ತು. ನಿಜವಾಗಿ ನಾಚಿಕೆಯಾಯಿತು.

“ಯಾವಾಗ ಎಳ್ಸ್ತೀರ?”

“ಮಾರ್ಚ್ ಕಳೀಲಿ ಲಕ್ಕಮ್ಮ.”

ಅವರು ಕೊಂಬೆಯತ್ತ ನೋಡಿದರು, ನನ್ನತ್ತ ನೋಡಿದರು. “ಓ, ಅದು ಹೋಗೋದು ಆವಾಗ್ಲಾ? ಸರಿ ಬುಡಿ. ಅಲ್ಲೀಗಂಟ ನೀವೇ ಬೀಸಿ” ಎಂದು ಮೊರ ತಂದು ನನ್ನ ಕೈಗಿಟ್ಟರು.

ಈಗ ಮಧ್ಯಾಹ್ನದ ಬಿಡುವಿನಲ್ಲಿ ಸಾರಿನ ಪಾತ್ರೆಯ ಪಕ್ಕದಲ್ಲಿ ಮೊರ ಹಿಡಿದು ನಿಂತಿರುತ್ತೇನೆ. ಬಲಗೈ ಸೋತರೆ ಎಡಗೈ. ಹಿತ್ತಲ ಬಾಗಿಲಿನಿಂದ ಹೊಂಗೆಯ ಕೊಂಬೆ ಕಾಣುತ್ತದೆ. ಹಕ್ಕಿ ಒಂದು ಸಲ ಹಾರಿದರೆ ಒಂದು ನೊಣ. ನಾನು ಅರ್ಧ ಗಂಟೆ ಬೀಸಿದರೂ ನೊಣಗಳು ಪಾತ್ರೆಯ ಈ ಅಂಚಿನಿಂದ ಆ ಅಂಚಿಗೆ ಹೋಗಿ ಕೂರುತ್ತವೆ. ನಿನ್ನೆ ಲಕ್ಕಮ್ಮ ಸೌಟು ನಿಲ್ಲಿಸಿ ಹಕ್ಕಿಯನ್ನೂ ನನ್ನನ್ನೂ ನೋಡಿದರು. ಆಮೇಲೆ ಬೇಸರವಿಲ್ಲದ ದನಿಯಲ್ಲಿ, “ಮೇಷ್ಟ್ರೇ, ಸರ್ಕಾರದೋರು ಸಂಬ್ಳಾನ ಆ ಹಕ್ಕಿಗೇ ಕೊಟ್ಟಿದ್ರಾಗಿತ್ತು” ಎಂದರು.