ಕಾಕಾ ಅಳೆದ ಬಿಸಿನೀರು

ನಮ್ಮ ಕಾಕಾ ಮನುಷ್ಯರ ಮಾತು ಕೇಳುತ್ತಿರಲಿಲ್ಲ, ನೆಲದ ಮಾತು ಕೇಳುತ್ತಿದ್ದ ಎಂದರೆ ನೀವು ನಂಬಲಿಕ್ಕಿಲ್ಲ. ಮೊದಲ ಅರ್ಧಕ್ಕಾದರೂ ಕಾಕಿಯೇ ಸಾಕ್ಷಿ!

ತೊಂಬತ್ತರ ದಶಕದ ಕೊನೆ. ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸಿ ನಿವೃತ್ತನಾಗಿದ್ದ ಕಾಕಾನಿಗೆ ಒಂದು ಕಂಪನಿ ಕೆಲಸ ಕೊಟ್ಟಿತ್ತು. ಘಟ್ಟದ ಕೆಳಗೊಂದು ಬಿಸಿನೀರಿನ ಬುಗ್ಗೆ. ಅದರ ಕಾವಿನಿಂದ ಕರೆಂಟು ತೆಗೆಯಬಹುದೇ ಎಂದು ಅವರಿಗೆ ತಿಳಿಯಬೇಕಿತ್ತು. ಕೊಳವೆಬಾವಿಗೆ ನೀರು ಒತ್ತಿದರೆ ಆಳದ ಕಾದ ಬಂಡೆ ಸಣ್ಣಗೆ ಬಿರಿಯುತ್ತದಂತೆ. ನಮ್ಮ ಕಾಲಿಗೆ ತಿಳಿಯದ ಆ ನಡುಕವನ್ನು ಸುತ್ತಲೂ ಹೂತಿಟ್ಟ ಯಂತ್ರಗಳು ಹಿಡಿಯುತ್ತವೆ. ಎಲ್ಲೆಲ್ಲಿ ಬಿರಿಯಿತೆಂದು ಗುರುತು ಹಾಕುತ್ತ ಹೋದರೆ, ಬಿಸಿನೀರಿನ ಒಡಲು ಎಷ್ಟು ದೊಡ್ಡದು, ಎಷ್ಟು ಕಾವು ಸಿಕ್ಕೀತು ಎಂಬ ಅಂದಾಜು ಸಿಗುತ್ತದೆ.

ಯಂತ್ರದ ಪರೀಕ್ಷೆಗೆ ಕಾಕಾ ಆರಿಸಿದ್ದು ಕೇಶ್ವಾಪುರದ ತನ್ನ ಮನೆಯ ಹಿತ್ತಲು. ಮೊದಲ ದಿನವೇ ಯಂತ್ರ ಕಾಗದದ ಮೇಲೆ ಎಳೆಯುವ ನಡುಕದ ಗೆರೆ ಕುಣಿಯತೊಡಗಿತು. ಕಾಕಾ ಕಾಕಿಯಿದ್ದ ಅಡುಗೆಮನೆಗೆ ಓಡಿದ.

“ಏನ್ ಮಾಡಾಕತ್ತೀ?”

“ರೊಟ್ಟಿ ಬಡ್ಯಾಕತ್ತೇನ್ರಿ.”

“ಒಂದ್ ತಾಸು ನಿಲ್ಲಸು.”

“ನಿಲ್ಲಸ್ತೇನಿ. ಮಧ್ಯಾಹ್ನ ಆ ಕಾಗದಾನ ಉಣ್ರಿ.”

ರೊಟ್ಟಿ ನಿಲ್ಲಲಿಲ್ಲ. ಕಾಕಾ ಗೆರೆ ನೋಡಿ ಹನ್ನೊಂದು ರೊಟ್ಟಿ ಎಂದ, ಬುಟ್ಟಿಯಲ್ಲೂ ಹನ್ನೊಂದೇ ಇದ್ದವು. ಯಂತ್ರ ಪಾಸಾಯಿತು!

ಪಕ್ಕದ ಮನೆಯವರು ಬೇಲಿಯಾಚೆಯಿಂದ ಕೇಳಿದರು, “ಸರ್, ಭೂಕಂಪ ಆಗೋದೈತಂತ, ಖರೇ ಏನ್ರಿ?”

“ದಿನಾ ಆಗ್ತಾವ್ರಿ. ನಿಮಗ ಗೊತ್ತಾಗಂಗಿಲ್ಲ, ಅಷ್ಟ.”

ಸಮಾಧಾನ ಹೇಳುವ ರೀತಿಯೇ ಇದು? ಸಂಜೆಯೊಳಗೆ ಓಣಿಯ ಮಂದಿಯೆಲ್ಲ ಅಟ್ಟದ ಪಾತ್ರೆ ಕೆಳಗಿಳಿಸಿದ್ದರು.

ಬುಗ್ಗೆಯ ಬಳಿ ವರ್ಷ ದುಡಿದ ಮೇಲೆ ಸಿಕ್ಕ ಉತ್ತರ: ಬಿಸಿನೀರಿನ ಒಡಲು ಸಣ್ಣದು. ಕಂಪನಿಯ ಇಬ್ಬರು ಮನೆಗೆ ಬಂದರು.

“ಸರ್, ಒಂದೀಟು ದೊಡ್ಡದು ಅಂತ ಬರೀರಿ.”

“ನಡುಕ ಬಂದಷ್ಟ ಬರದೀನ್ರಿ. ಇನ್ನೂ ದೊಡ್ಡದು ಬೇಕಂದ್ರ ನೆಲಾನ ಕೇಳ್ರಿ.”

ಅವರು ಚಹಾ ಕುಡಿಯದೆ ಎದ್ದುಹೋದರು. ಕೆಲಸವೂ ಹೋಯಿತು. ಕಾಕಾ ನಕ್ಷೆಗಳನ್ನು ಸುತ್ತಿ ಮಂಚದಡಿ ತಳ್ಳಿದ. ಅವನು ಸುಮ್ಮನಾದಾಗಲೇ ನಮಗೆ ಹೆದರಿಕೆಯಾಗಿದ್ದು.

ಅವನ ಕೆಲಸದ ಬಗ್ಗೆ ಎಂದೂ ಒಂದು ಮಾತು ಕೇಳದ ಕಾಕಿ ಒಂದು ಬೆಳಿಗ್ಗೆ ಕೈಚೀಲ ಹಿಡಿದು ನಿಂತಳು. “ಆ ಬಿಸಿನೀರು ನನಗೂ ತೋರಸ್ರಿ.”

ನಾನೂ ಜೊತೆಗೆ ಹೋದೆ. ಬುಗ್ಗೆಯ ಕಟ್ಟೆಯ ಮೇಲೆ ಊರಿನ ಮುದುಕಿಯರು ಕಾಲು ಇಳಿಬಿಟ್ಟು ಕುಳಿತಿದ್ದರು. ಕಾಕಿಯೂ ಬಾತ ಪಾದಗಳನ್ನು ನೀರಿಗಿಟ್ಟು ಬಹಳ ಹೊತ್ತು ಕಣ್ಣು ಮುಚ್ಚಿದಳು.

“ಭಾಳ ಛಲೋ ಐತ್ರಿ. ಎಷ್ಟ್ ವರ್ಷ ಬರತೈತಿ ಇದು?”

“ಕರೆಂಟಿಗೆ ಸಾಲಂಗಿಲ್ಲ. ಇವರ ಕಾಲಿಗೆ ಮೊಮ್ಮಕ್ಕಳ ಕಾಲದತನಕ ಸಾಕು.”

“ಅದನ್ನ ಆ ಕಂಪನಿಯವರಿಗೆ ಹೇಳಲಿಲ್ಲೇನ್ರಿ?”

“ಯಾರೂ ಕೇಳಲಿಲ್ಲ.”

“ನಾ ಕೇಳಾಕತ್ತೇನಲ್ರಿ. ಹೇಳ್ರಿ.”

ಕಾಕಾ ಅವಳ ಚಪ್ಪಲಿ ತೋಯದಂತೆ ಎತ್ತಿ ಮಡಿಲಲ್ಲಿಟ್ಟುಕೊಂಡು, ಪಕ್ಕದಲ್ಲಿ ಕುಳಿತು, ಮೊದಲಿನಿಂದ ಹೇಳತೊಡಗಿದ.